ಕ್ರೂಸ್‌ಗೆ ಹೋಗ್ಬೇಕು, ಆದ್ರೆ ಯಾವ ಹಡಗು? ಮುಂಬೈಲಿ ನಮ್ಮೋರು ಪದೇ ಪದೇ ಕೇಳೋ ಪ್ರಶ್ನೆಗಳು

ಒಂದ್ಸಲ ಸಿಂಗಾಪುರದಿಂದ, ಇನ್ನೊಂದ್ಸಲ ಮನೆಮಂದಿ ಹನ್ನೊಂದು ಜನ ಸೇರಿ ಮುಂಬೈಯಿಂದ ಗೋವಾಗೆ ಹಡಗಲ್ಲಿ ಹೋಗಿ ಬಂದ್ವಿ ಅಷ್ಟೇ, ಆವತ್ತಿಂದ ನಾನೇನೋ ಕ್ಯಾಪ್ಟನ್ ಅನ್ನೋ ಹಾಗೆ ಎಲ್ರೂ ಕೇಳ್ತಾರೆ. ಮಾಟುಂಗಾ ಮಾರ್ಕೆಟ್‌ನಲ್ಲಿ ಬಾಳೆ ಎಲೆ ತಗೋತಿದ್ರೂ ಕೇಳ್ತಾರೆ, ಡೊಂಬಿವಿಲಿ ಲೋಕಲ್‌ನಲ್ಲಿ ಒಂದು ಕಾಲಲ್ಲಿ ನಿಂತಿದ್ರೂ ಕೇಳ್ತಾರೆ. ಅದಕ್ಕೆ ಎಲ್ಲಾನೂ ಒಂದೇ ಕಡೆ ಬರ್ದಿಟ್ಟಿದೀನಿ, ಇನ್ಮೇಲೆ ಇದನ್ನೇ ಓದ್ಕೊಳ್ಳಿ ಅಂತೀನಿ.

ಮೊದ್ಲು ಏನು ನೋಡ್ಬೇಕು? ಹಡಗಾ, ರೂಟಾ, ರೇಟಾ?

ಮೂರೂ ಅಲ್ಲ. ಮಧ್ಯಾಹ್ನ ಮೂರು ಗಂಟೆ ನೋಡ್ಬೇಕು. ತಮಾಷೆ ಅಲ್ಲ ಇದು. ಕ್ರೂಸ್‌ನಲ್ಲಿ ಒಂದಾದ್ರೂ ದಿನ ಹಡಗು ಎಲ್ಲೂ ನಿಲ್ಲಲ್ಲ, ಸುತ್ತ ಬರೀ ನೀರು, ಅದಕ್ಕೆ ಸೀ ಡೇ ಅಂತಾರೆ. ಆ ದಿನ ಊಟ ಆಗಿ, ಬಿಸಿಲು ಚುರುಚುರು ಅಂತಿರತ್ತೆ, ಸಂಜೆ ಶೋಗೆ ಇನ್ನೂ ಟೈಮ್ ಇರತ್ತೆ, ಆಗ ನಿಮ್ಮ ಜೊತೆ ಬಂದೋರು ಒಬ್ಬೊಬ್ಬರೂ ಏನ್ ಮಾಡ್ತಿರ್ತಾರೆ ಅಂತ ಕಣ್ಮುಚ್ಚಿ ಯೋಚ್ನೆ ಮಾಡಿ. ಅಪ್ಪ ಎಸಿಯಲ್ಲಿ ನಿದ್ದೆ ಹೊಡೀತಾರಾ? ಮಗ ವಾಟರ್ ಸ್ಲೈಡ್ ಕೇಳ್ತಾನಾ? ನೀವು ಪುಸ್ತಕ ಹಿಡ್ಕೊಂಡು ಯಾರೂ ಮಾತಾಡ್ಸದ ಮೂಲೆ ಹುಡುಕ್ತೀರಾ, ಇಲ್ಲಾ ಪೂಲ್ ಹತ್ರ ಡಿಜೆ ಬೇಕಾ? ಅದಕ್ಕೆ ಉತ್ತರ ಸಿಕ್ಕಿದ್ರೆ ಹಡಗಿನ ಅರ್ಧ ಆಯ್ಕೆ ಅಲ್ಲೇ ಮುಗೀತು. ಬಂದರು ಎಲ್ರಿಗೂ ಒಂದೇ, ಹಡಗಿನ ಒಳಗೆ ಕಳೆಯೋ ಹೊತ್ತೇ ಬೇರೆ ಬೇರೆ.

ಮುಂಬೈಯಿಂದ ಯಾವ ಹಡಗು ಸಿಗತ್ತೆ?

ಇಡೀ ಪಟ್ಟಿ ಅಂತ ಏನಿಲ್ಲ ಮಾರಾಯ್ರೇ. 2021ರಿಂದ ಇಲ್ಲಿಂದ ಓಡಾಡ್ತಿರೋದು ಕೊರ್ಡೇಲಿಯಾ ಕಂಪನಿಯ ಎಂಪ್ರೆಸ್. ಅದಕ್ಕೂ ಮುಂಚೆ 2018ರಲ್ಲಿ ಆಂಗ್ರಿಯಾ ಅಂತ ಚಿಕ್ಕ ಹಡಗೊಂದು ಗೋವಾಗೆ ಶುರುವಾಗಿತ್ತು, 2019ರಲ್ಲಿ ಜಲೇಶ್ ಕಂಪನಿಯ ಕರ್ನಿಕಾ ಬಂತು, 2020ರಲ್ಲಿ ಕೋವಿಡ್ ಬಂದಾಗ ಜಲೇಶ್ ಬಾಗಿಲು ಹಾಕ್ತು. ಇಟಲಿಯ ಕೋಸ್ಟಾ ಕಂಪನಿ ಕೂಡಾ ಮುಂಬೈಯಿಂದ ಮಾಲ್ಡೀವ್ಸ್‌ಗೆ ಓಡಿಸಿತ್ತು, ಆಮೇಲೆ 2023ರ ಕೊನೆಗೆ ಕೋಸ್ಟಾ ಸೆರೆನಾ ತಂದು ಗೋವಾ, ಕೊಚ್ಚಿ ಕಡೆ ಓಡಿಸಿತು. ಅಂದ್ರೆ ಇಲ್ಲಿ ಹಡಗುಗಳು ಬರ್ತವೆ ಹೋಗ್ತವೆ, ಪಕ್ಕದ ಮನೆಯೋರು ನಾಲ್ಕು ವರ್ಷದ ಹಿಂದೆ ಹೋದ ಹಡಗು ಈಗ ಇರ್ಬೇಕು ಅಂತಿಲ್ಲ.

ಎಂಪ್ರೆಸ್ ಬಗ್ಗೆ ಒಂದು ವಿಷಯ ಗೊತ್ತಿದ್ರೆ ಒಳ್ಳೇದು. ಅದು ಹೊಸ ಹಡಗಲ್ಲ, 1990ರಲ್ಲಿ ಫ್ರಾನ್ಸಲ್ಲಿ ಕಟ್ಟಿದ್ದು, ಆಗಿನ ಹೆಸರು ನಾರ್ಡಿಕ್ ಎಂಪ್ರೆಸ್, ಮಿಯಾಮಿಯಿಂದ ಮೂರು-ನಾಲ್ಕು ದಿನದ ಟ್ರಿಪ್‌ಗೇ ಅಂತ ಮಾಡಿಸಿದ್ದು. ಹಾಗಾಗಿ ಶುಕ್ರವಾರ ಹತ್ತಿ ಸೋಮವಾರ ಇಳಿಯೋರಿಗೆ ಅದರ ಅಳತೆ ಸರಿ ಇದೆ, ಯೂಟ್ಯೂಬ್‌ನಲ್ಲಿ ಐಕಾನ್ ಆಫ್ ದಿ ಸೀಸ್ ಅನ್ನೋ ರಾಯಲ್ ಕೆರಿಬಿಯನ್ ಕಂಪನಿಯ ದೈತ್ಯ ಹಡಗು ನೋಡ್ಕೊಂಡು ಬಂದು ಇಲ್ಲಿ ಹತ್ತಿದ್ರೆ ಮಾತ್ರ ಮುಖ ಸಣ್ಣ ಆಗತ್ತೆ. ಆ ಹೋಲಿಕೆನೇ ತಪ್ಪು, ಲೋಕಲ್ ಹತ್ತಿ ವಂದೇ ಭಾರತ್ ಹುಡುಕಿದ ಹಾಗೆ.

ಹತ್ತೋದು ಬಲಾರ್ಡ್ ಪಿಯರ್ ಕಡೆ. ಅಲ್ಲೇ ಇಂದಿರಾ ಡಾಕ್‌ನ ಹೊಸ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯ್ತು. ಸಿಎಸ್‌ಎಂಟಿಯಲ್ಲಿ ಇಳಿದು ಟ್ಯಾಕ್ಸಿ ಹಿಡೀರಿ, ಭಾವುಚಾ ಧಕ್ಕಾಗೆ ಹೋಗಿ ನಿಲ್ಬೇಡಿ. ನಮ್ಮ ಭಾವ ಹೋಗಿ ನಿಂತಿದ್ರು, ಮೀನಿನ ಬುಟ್ಟಿಗಳ ಮಧ್ಯೆ, ಸೂಟ್‌ಕೇಸ್ ಹಿಡ್ಕೊಂಡು.

ದೊಡ್ಡ ಹಡಗು ಒಳ್ಳೇದಾ, ಚಿಕ್ಕದಾ?

ದೊಡ್ಡದು ಅಂದ್ರೆ ಜಾಗ ಜಾಸ್ತಿ ಅಂತ ಎಲ್ರೂ ಅಂದ್ಕೋತಾರೆ, ಜನಾನೂ ಜಾಸ್ತಿ ಇರ್ತಾರಲ್ಲ ಅದನ್ನ ಮರೀತಾರೆ. ಇದಕ್ಕೊಂದು ಸುಲಭ ಲೆಕ್ಕ ಇದೆ. ಹಡಗಿನ ವಿವರದಲ್ಲಿ ಗ್ರಾಸ್ ಟನೇಜ್ ಅಂತ ಬರ್ದಿರ್ತಾರೆ, ಅದು ತೂಕ ಅಲ್ಲ, ಒಳಗಿನ ಒಟ್ಟು ಜಾಗದ ಅಳತೆ. ಅದನ್ನ ಕ್ಯಾಬಿನ್‌ಗೆ ಇಬ್ಬರಂತೆ ಹಿಡಿದ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಎಂಪ್ರೆಸ್ ಸುಮಾರು 48,500, ಕ್ಯಾಬಿನ್ ಹತ್ತಿರ ಹತ್ತಿರ 800, ಅಂದ್ರೆ 1,600 ಜನ, ಉತ್ತರ 30. ಐಕಾನ್ ಆಫ್ ದಿ ಸೀಸ್ ಸುಮಾರು 2,48,600, ಇಬ್ಬರಂತೆ ಹಿಡಿದ್ರೆ 5,610 ಜನ, ಉತ್ತರ 44. ಈ ನಂಬರ್ ಜಾಸ್ತಿ ಇದ್ದಷ್ಟೂ ಕೈ ಕಾಲು ಆಡಿಸೋಕೆ ಜಾಗ. 30ರ ಹತ್ತಿರ ಇದ್ರೆ ತಿಂಡಿ ಟೈಮ್‌ನಲ್ಲಿ ಬಫೆ ಹತ್ರ ದಾದರ್ ಬ್ರಿಜ್ ನೆನಪಾಗತ್ತೆ, ಅದೂ ನಮ್ಮೋರು ಒಂದು ಕ್ಯಾಬಿನ್‌ನಲ್ಲಿ ಮಕ್ಕಳು ಸೇರಿ ನಾಲ್ಕು ಜನ ಇರೋದ್ರಿಂದ ಲೆಕ್ಕ ಇನ್ನೂ ಬಿಗಿ ಆಗತ್ತೆ.

ಚಿಕ್ಕ ಹಡಗಿನ ಲಾಭ ಏನಂದ್ರೆ ಎರಡನೇ ದಿನಕ್ಕೇ ದಾರಿ ಗೊತ್ತಾಗತ್ತೆ, ಅಮ್ಮ ಕಳೆದುಹೋಗಲ್ಲ, ಹತ್ತೋದು ಇಳಿಯೋದು ಬೇಗ. ನಷ್ಟ ಏನಂದ್ರೆ ಅಲೆ ಸ್ವಲ್ಪ ಜಾಸ್ತಿ ಗೊತ್ತಾಗತ್ತೆ, ಮತ್ತೆ ಮಳೆ ಬಂದ್ರೋ ಬಿಸಿಲಾದ್ರೋ ಒಳಗೆ ಕೂತ್ಕೊಳ್ಳೋಕೆ ಜಾಗಕ್ಕೆ ಹೋರಾಟ.

ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ಬಹುದಾ?

ಧಾರಾಳವಾಗಿ. ನನ್ನ ಕೇಳಿದ್ರೆ ಕ್ರೂಸ್ ಅವ್ರಿಗೇ ಹೇಳಿ ಮಾಡಿಸಿದ್ದು, ದಿನಾ ಬ್ಯಾಗ್ ಕಟ್ಟೋದಿಲ್ಲ, ಬಸ್ ಹತ್ತೋದಿಲ್ಲ, ಟಾಯ್ಲೆಟ್ ಹತ್ತಿರದಲ್ಲೇ. ಆದ್ರೆ ಹಡಗು ಆರಿಸುವಾಗ ಮೂರು ವಿಷಯ ನೋಡಿ. ಕ್ಯಾಬಿನ್ ಲಿಫ್ಟ್ ಹತ್ರ ಇರ್ಲಿ, ಯಾಕಂದ್ರೆ ದೊಡ್ಡ ಹಡಗು ಮುನ್ನೂರು ಮೀಟರ್‌ಗಿಂತ ಉದ್ದ ಇರತ್ತೆ, ಮಂಡಿ ನೋವಿರೋರಿಗೆ ತಿಂಡಿಗೆ ಹೋಗಿ ಬರೋದೇ ವಾಕಿಂಗ್ ಆಗತ್ತೆ. ಬಾತ್‌ರೂಮ್ ಹೊಸ್ತಿಲು ಎತ್ತರ ಇರತ್ತೆ, ನಮ್ಮ ಅತ್ತೆ ಮೊದಲ ರಾತ್ರಿ ಎಡವಿದ್ರು, ಆಮೇಲೆ ಹೊಸ್ತಿಲ ಮೇಲೆ ಒಂದು ಬಿಳಿ ಟವೆಲ್ ಹಾಸಿಟ್ವಿ, ಕತ್ತಲಲ್ಲೂ ಕಾಣ್ಲಿ ಅಂತ. ಮೂರನೇದು ಟೆಂಡರ್. ಕೆಲವು ಕಡೆ ಹಡಗು ದಡಕ್ಕೆ ಬರಲ್ಲ, ದೂರ ಲಂಗರು ಹಾಕಿ ಚಿಕ್ಕ ಬೋಟಲ್ಲಿ ಕರ್ಕೊಂಡು ಹೋಗ್ತಾರೆ, ಲಕ್ಷದ್ವೀಪದಲ್ಲಿ ಹಾಗೇನೇ. ಬೋಟ್ ಮೇಲೆ ಕೆಳಗೆ ಆಡ್ತಿರುವಾಗ ಕಾಲು ಇಡೋದು ಮಂಡಿ ಗಟ್ಟಿ ಇದ್ದೋರಿಗೇ ಕಷ್ಟ. ಸಮುದ್ರ ಜೋರಿದ್ರೆ ಆ ಸ್ಟಾಪೇ ಕ್ಯಾನ್ಸಲ್. ವಯಸ್ಸಾದೋರಿದ್ರೆ ಧಕ್ಕೆಗೆ ತಾಗಿ ನಿಲ್ಲೋ ರೂಟೇ ಆರಿಸಿ.

ಹಡಗಲ್ಲಿ ಡಾಕ್ಟರ್ ಇರ್ತಾರೆ, ಬಿಟ್ಟಿ ಅಲ್ಲ, ಫಾರಿನ್ ಹಡಗಲ್ಲಿ ಬಿಲ್ ಡಾಲರ್‌ನಲ್ಲಿ. ಇನ್ಶೂರೆನ್ಸ್ ಇಲ್ದೆ ಹತ್ಬೇಡಿ.

ಮಕ್ಕಳಿಗೆ?

ಆರು ತಿಂಗಳಿಗಿಂತ ಚಿಕ್ಕ ಮಗು ಆದ್ರೆ ಹೆಚ್ಚಿನ ಕಂಪನಿಗಳು ಹತ್ತಿಸ್ಕೊಳ್ಳಲ್ಲ, ದೂರದ ರೂಟ್‌ಗೆ ಒಂದು ವರ್ಷ ಕೇಳ್ತಾರೆ. ಬಸುರಿಯರಿಗೆ 24 ವಾರದ ಗಡಿ ಸಾಮಾನ್ಯ. ಎಂಟರಿಂದ ಹದಿನಾಲ್ಕರ ಮಕ್ಕಳಿದ್ರೆ ಕಣ್ಮುಚ್ಚಿ ದೊಡ್ಡ ಹಡಗೇ ತಗೊಳ್ಳಿ, ಸಿಂಗಾಪುರದಿಂದ ಹೊರಡೋ ರಾಯಲ್ ಕೆರಿಬಿಯನ್ನೋ ಜೆಂಟಿಂಗ್ ಡ್ರೀಮೋ, ಮಕ್ಕಳನ್ನ ನೀವು ಹುಡುಕ್ಬೇಕು ಅಷ್ಟೇ, ಅವು ನಿಮ್ಮನ್ನ ಹುಡುಕಲ್ಲ.

ಊಟ ಹೇಗೆ? ನಾವು ಶುದ್ಧ ವೆಜ್.

ಇದು ಅತಿ ಹೆಚ್ಚು ಬರೋ ಪ್ರಶ್ನೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಮುಂಬೈಯಿಂದ ಹೊರಡೋ ಹಡಗಲ್ಲಿ ಯೋಚ್ನೆನೇ ಬೇಡ, ಗುಜರಾತಿ ಮಂದಿ ಅಷ್ಟಿರ್ತಾರೆ, ಜೈನ್ ಊಟಾನೇ ಬೇರೆ ಇರತ್ತೆ. ಸಿಂಗಾಪುರದ ಹಡಗಿಗೂ ಇಂಡಿಯನ್ಸ್ ಬಹಳ ಹೋಗೋದ್ರಿಂದ ವೆಜ್ ಸಿಗತ್ತೆ. ಯುರೋಪ್, ಅಮೆರಿಕದ ಹಡಗಲ್ಲಿ ಮಾತ್ರ ಬುಕಿಂಗ್ ಮಾಡುವಾಗ್ಲೇ ಇಂಡಿಯನ್ ವೆಜಿಟೇರಿಯನ್ ಅಂತ ಬರೆಸಿ, ಮೊದಲ ದಿನ ರಾತ್ರಿ ಊಟದ ಹಾಲ್‌ನಲ್ಲಿ ಹೆಡ್ ವೇಟರ್‌ಗೆ ಇನ್ನೊಂದ್ಸಲ ಹೇಳಿ. ಅಡುಗೆಮನೆಯಲ್ಲಿ ಯಾರೋ ಗೋವಾದವ್ರೋ ಮಂಗಳೂರಿನವ್ರೋ ಇದ್ದೇ ಇರ್ತಾರೆ, ಹಿಂದಿನ ದಿನ ಹೇಳಿದ್ರೆ ದಾಲ್ ಮಾಡಿ ತಂದು ಕೊಡ್ತಾರೆ, ಸಿಂಗಾಪುರದ ಟ್ರಿಪ್‌ನಲ್ಲಿ ನಮಗೆ ಬಡಿಸ್ತಿದ್ದ ಹುಡುಗ ಉಡುಪಿ ಕಡೆಯೋನು, ನಮ್ಮ ಕನ್ನಡ ಕೇಳಿ ಅವನ ಮುಖ ಅರಳಿದ್ದು ನೋಡ್ಬೇಕಿತ್ತು, ಆಮೇಲೆ ನಾಲ್ಕೂ ದಿನ ಮೊಸರು ಎರಡು ಬಟ್ಟಲು.

ಊಟಕ್ಕೆ ಎರಡು ಪದ್ಧತಿ ಇರತ್ತೆ. ಒಂದು, ದಿನಾ ಅದೇ ಟೈಮ್, ಅದೇ ಟೇಬಲ್, ಅದೇ ವೇಟರ್. ಇನ್ನೊಂದು, ಬೇಕಾದಾಗ ಹೋಗಿ ಸಾಲಲ್ಲಿ ನಿಲ್ಲೋದು. ವೆಜ್ ಮಂದಿಗೆ ಮೊದಲನೇದು ಒಳ್ಳೇದು, ದಿನಾ ಹೊಸಬರಿಗೆ "ಮೊಟ್ಟೆ ಬೇಡ, ಮೀನೂ ಬೇಡ" ಅಂತ ಪಾಠ ಮಾಡೋದು ತಪ್ಪತ್ತೆ.

ಮನೆಯಿಂದ ತಿಂಡಿ ತರೋಕೆ ಹೆಚ್ಚಿನ ಹಡಗಲ್ಲಿ ಬಿಡಲ್ಲ. ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ ಸೀರೆ ಮಧ್ಯೆ ಇಟ್ಟಿದ್ರು. ಸ್ಕ್ಯಾನರ್‌ನಲ್ಲಿ ಅದು ಏನಾಗಿ ಕಂಡಿತೋ, ತೆಗೆಸಿದ್ರು, ಸೆಕ್ಯುರಿಟಿ ಹುಡುಗಿ ಮೂಸಿ ನೋಡಿ ನಕ್ಳು, ಡಬ್ಬಿ ಮಾತ್ರ ವಾಪಸ್ ಕೊಡ್ಲಿಲ್ಲ. ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಶನ್ ಬೋರ್ಡ್ ಕೂಡಾ ತಗೊಂಡು ಹೋಗ್ಬೇಡಿ, ಹಡಗಲ್ಲಿ ಬೆಂಕಿಗೆ ಹೆದರುವಷ್ಟು ನೀರಿಗೂ ಹೆದರಲ್ಲ.

ಯಾವ ಕ್ಯಾಬಿನ್ ತಗೊಳ್ಲಿ?

ನಾಲ್ಕು ತರ. ಕಿಟಕಿ ಇಲ್ಲದ ಒಳಗಿನದು, ಕಿಟಕಿ ಇರೋದು, ಬಾಲ್ಕನಿ ಇರೋದು, ಸ್ವೀಟ್ ಅಂದ್ರೆ ಕೂರೋಕೆ ಬೇರೆ ಜಾಗ ಇರೋ ದೊಡ್ಡ ಕೋಣೆ. ಎರಡು-ಮೂರು ರಾತ್ರಿಗೆ, ಹಗಲೆಲ್ಲಾ ಹೊರಗೇ ಇರೋರಿಗೆ ಒಳಗಿನದು ಸಾಕು, ಆದ್ರೆ ಲೈಟ್ ಆರಿಸಿದ್ರೆ ಹಗಲು ಹನ್ನೆರಡಕ್ಕೂ ಅಮಾವಾಸ್ಯೆ, ಎದ್ದಾಗ ಟೈಮ್ ಎಷ್ಟು ಅಂತ ತಿಳಿಯಲ್ಲ. ಉಸಿರು ಕಟ್ಟಿದ ಹಾಗೆ ಆಗೋರಿಗೆ ಬೇಡ. ಮಧ್ಯಾಹ್ನ ಮೂರಕ್ಕೆ ಒಬ್ಬರೇ ಕೂತು ನೀರು ನೋಡೋ ಜಾತಿಯೋರಾದ್ರೆ ಶಾಪಿಂಗ್ ದುಡ್ಡು ಉಳಿಸಿ ಬಾಲ್ಕನಿಗೆ ಹಾಕಿ.

ಕಿಟಕಿ ಇರೋ ಕ್ಯಾಬಿನ್ ಅಂದಾಗ ಒಂದು ಪ್ರಶ್ನೆ ಬರಹದಲ್ಲೇ ಕೇಳಿ: ಎದುರಿಗೆ ಏನಾದ್ರೂ ಅಡ್ಡ ಇದ್ಯಾ? ಸಿಂಗಾಪುರದ ಟ್ರಿಪ್‌ಗೆ ನಮ್ಮ ಏಜೆಂಟ್ "ಸೀ ವ್ಯೂ ಸಾರ್, ಟಾಪ್ ಕ್ಲಾಸ್" ಅಂದ. ನಾನು ಪರದೆ ಸರಿಸಿದ್ರೆ ಕಿಟಕಿ ತುಂಬಾ ಕಿತ್ತಳೆ ಬಣ್ಣ. ಲೈಫ್‌ಬೋಟ್. ಅದರ ಹೊಟ್ಟೆಗೆ ಬಳಿದ ಪೇಂಟ್ ಎಲ್ಲೆಲ್ಲಿ ಎದ್ದಿದೆ ಅಂತ ನಾಲ್ಕು ದಿನದಲ್ಲಿ ಬಾಯಿಪಾಠ ಆಯ್ತು. ಫೋನ್ ಮಾಡಿದ್ರೆ, "ಸಾರ್, ಬೋಟ್ ಪಕ್ಕದಲ್ಲಿ ಸಮುದ್ರ ಕಾಣತ್ತಲ್ಲ" ಅಂತಾನೆ. ಕಾಣ್ತಿತ್ತು, ಒಂದು ಗೇಣು. ಅಂಥ ಕ್ಯಾಬಿನ್‌ಗಳನ್ನ ಕಂಪನಿಗಳು ಬೇರೆ ಹೆಸರಲ್ಲಿ, ಕಮ್ಮಿ ರೇಟಿಗೆ ಮಾರ್ತವೆ, ಅದು ನಂಗೆ ಆಮೇಲೆ ತಿಳೀತು.

ಡೆಕ್ ಪ್ಲಾನ್ ಅಂತ ನಕ್ಷೆ ಇರತ್ತೆ, ನಿಮ್ಮ ಕ್ಯಾಬಿನ್‌ನ ಮೇಲೆ ಮತ್ತೆ ಕೆಳಗೆ ಏನಿದೆ ನೋಡಿ. ಮೇಲೆ ಪೂಲ್ ಡೆಕ್ ಇದ್ರೆ ಬೆಳಗ್ಗೆ ಐದಕ್ಕೆ ಕುರ್ಚಿ ಎಳೆಯೋ ಸದ್ದು, ಕೆಳಗೆ ಡಿಸ್ಕೋ ಇದ್ರೆ ರಾತ್ರಿ ಎರಡರವರೆಗೆ ಎದೆಯೊಳಗೆ ಡೋಲು. ಮೇಲೂ ಕೆಳಗೂ ಬರೀ ಕ್ಯಾಬಿನ್ ಇದ್ರೆ ನಿಶ್ಚಿಂತೆ. ಇನ್ನೊಂದು, ಮುಂಬೈಯಿಂದ ಗೋವಾಗೆ ಹೋಗುವಾಗ ದಡ ಎಡಕ್ಕೆ, ಸೂರ್ಯಾಸ್ತ ಬಲಕ್ಕೆ, ಬರುವಾಗ ಉಲ್ಟಾ. ಹೋಗೋ ದಾರಿ ಮಾತ್ರ ಬುಕ್ ಮಾಡೋರು ಬಲಗಡೆ ಕೇಳಿ.

ನಂಗೆ ಬಸ್ಸಲ್ಲೇ ವಾಂತಿ ಬರತ್ತೆ, ಹಡಗಲ್ಲಿ ಏನ್ ಗತಿ?

ಮೊದ್ಲು ಒಂದು ಭಾನುವಾರ ಗೇಟ್‌ವೇಯಿಂದ ಮಾಂಡ್ವಾಗೆ ಬೋಟಲ್ಲಿ ಹೋಗಿ ಬನ್ನಿ, ಒಂದು ಗಂಟೆ ದಾರಿ. ಅದನ್ನ ತಡ್ಕೊಂಡ್ರೆ ದೊಡ್ಡ ಹಡಗು ಹೆಚ್ಚಿನ ಜನಕ್ಕೆ ಏನೂ ಮಾಡಲ್ಲ, ಯಾಕಂದ್ರೆ ಅದಕ್ಕೆ ನೀರಿನೊಳಗೆ ಎರಡೂ ಪಕ್ಕ ಮೀನಿನ ರೆಕ್ಕೆ ತರ ಸ್ಟೆಬಿಲೈಸರ್ ಇರತ್ತೆ, ಪಕ್ಕಕ್ಕೆ ಹೊರಳೋದನ್ನ ಅದು ತಡೆಯತ್ತೆ. ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ತಗೊಳ್ಳಿ. ತೊಟ್ಟಿಲು ತೂಗಿದ ಹಾಗೆ ಲೆಕ್ಕ ಹಾಕಿ, ನಡುವೆ ಕಮ್ಮಿ, ತುದೀಲಿ ಜಾಸ್ತಿ. ದುಡ್ಡು ಜಾಸ್ತಿ ಕೊಟ್ಟು ಮೇಲಿನ ಮುಂದಿನ ಬಾಲ್ಕನಿ ತಗೊಂಡೋರೇ ಜಾಸ್ತಿ ತೂಗಾಡೋದು, ಇದೊಂದು ವಿಚಿತ್ರ ನ್ಯಾಯ.

ಅವೋಮಿನ್ ಮಾತ್ರೆ ನಮ್ಮಲ್ಲಿ ಎಲ್ರಿಗೂ ಗೊತ್ತು, ಡಾಕ್ಟರ್‌ನ ಕೇಳಿ ತಗೊಳ್ಳಿ, ವಾಂತಿ ಶುರುವಾದ್ಮೇಲೆ ನುಂಗೋದಲ್ಲ, ಹೊರಡೋಕೆ ಮುಂಚೆ. ನಿದ್ದೆ ಬರತ್ತೆ. ಹೊಟ್ಟೆ ಖಾಲಿ ಬಿಡ್ಬೇಡಿ, ಶುಂಠಿ ಚೂರು ಜಗೀರಿ, ಡೆಕ್‌ಗೆ ಬಂದು ದೂರದ ದಿಗಂತ ನೋಡಿ, ಮೊಬೈಲ್ ನೋಡ್ಬೇಡಿ.

ಯಾವ ತಿಂಗಳು?

ನವೆಂಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೇಳೋದೇ ಬೇಡ, ಗೇಟ್‌ವೇ ಬೋಟ್‌ಗಳೂ ನಿಂತುಹೋಗ್ತವೆ, ಕ್ರೂಸ್ ಹಡಗು ಪೂರ್ವಕ್ಕೆ ಚೆನ್ನೈ ಕಡೆ ಹೋಗತ್ತೆ.

ಟಿಕೆಟ್ ಅಷ್ಟೊಂದು ಕಮ್ಮಿ ಇದ್ಯಲ್ಲ, ಏನಾದ್ರೂ ಮೋಸಾನಾ?

ಮೋಸ ಅಲ್ಲ, ಆದ್ರೆ ಜಾಹೀರಾತಿನ ರೇಟ್ ಪೂರ್ತಿ ರೇಟ್ ಅಲ್ಲ. ಅದು ತಲಾ ಒಬ್ಬರಿಗೆ, ಇಬ್ಬರು ಒಂದು ಕ್ಯಾಬಿನ್ ಹಂಚಿಕೊಂಡ್ರೆ. ಮೇಲೆ ಪೋರ್ಟ್ ಚಾರ್ಜ್, ಟ್ಯಾಕ್ಸ್, ಗ್ರಾಚ್ಯುಟಿ ಸೇರತ್ತೆ. ಗ್ರಾಚ್ಯುಟಿ ಅಂದ್ರೆ ನಮ್ಮ ಕಂಪನಿ ಕೊಡೋದಲ್ಲ, ಹಡಗಿನ ಕೆಲಸದೋರಿಗೆ ಟಿಪ್ಸು, ಅಮೆರಿಕನ್ ಕಂಪನಿಗಳಲ್ಲಿ ಒಬ್ಬರಿಗೆ ದಿನಕ್ಕೆ 16ರಿಂದ 20 ಡಾಲರ್ ಹತ್ತಿರ ಬೀಳತ್ತೆ, ನಾಲ್ಕು ಜನ ಏಳು ರಾತ್ರಿ ಅಂದ್ರೆ ನೀವೇ ಗುಣಿಸಿ. ಆಮೇಲೆ ಡ್ರಿಂಕ್ಸು, ವೈಫೈ, ಫೋಟೋ, ದಡದ ಟೂರು. ಹಡಗಲ್ಲಿ ಕಾಸು ಓಡಲ್ಲ, ಎಲ್ಲಾ ಕ್ಯಾಬಿನ್ ಕಾರ್ಡ್‌ಗೆ, ಅದಕ್ಕೇ ಖರ್ಚು ಗೊತ್ತಾಗೋದು ಕೊನೆ ದಿನ ಬೆಳಗ್ಗೆ ಬಾಗಿಲ ಕೆಳಗೆ ಬಿಲ್ ತೂರಿ ಬಂದಾಗ.

ಕುಡಿಯೋ ಪ್ಯಾಕೇಜ್ ತಗೊಂಡ್ರೆ ಲಾಭಾನಾ ಅಂತಾನೂ ಕೇಳ್ತಾರೆ. ನೀವು ಎಷ್ಟು ಕುಡೀತೀರಿ ಅಂತ ನಿಮ್ಮ ಹೆಂಡತಿನ ಕೇಳಿ, ಅದು ಸರಿಯಾದ ಸಂಖ್ಯೆ.

ಕ್ರೂಸ್‌ನಲ್ಲಿ ಹೋದ್ರೆ ಗೋವಾ ನೋಡಿದ ಹಾಗೆ ಆಗತ್ತಾ?

ಇಲ್ಲ. ಹಡಗು ನಿಲ್ಲೋದು ವಾಸ್ಕೋ ಪಕ್ಕದ ಮುರ್ಮಗೋವಾ ಬಂದರಲ್ಲಿ, ಕಣ್ಣು ಬಿಟ್ರೆ ಬೀಚ್ ಕಾಣಲ್ಲ, ಕಲ್ಲಿದ್ದಲ ರಾಶಿ, ಅದಿರು, ಕ್ರೇನು. ಪಣಜಿ ಅಲ್ಲಿಂದ ಸುಮಾರು 30 ಕಿ.ಮೀ., ಕಲಂಗುಟ್ ಇನ್ನೂ ಆಚೆ. ಟ್ಯಾಕ್ಸಿ ಹಿಡಿದು ಉತ್ತರ ಗೋವಾಗೆ ಓಡಿ, ಟ್ರಾಫಿಕ್‌ನಲ್ಲಿ ಕೂತು, ಹಡಗು ಬಿಟ್ಟು ಹೋದ್ರೆ ಅಂತ ಗಡಿಯಾರ ನೋಡ್ಕೊಂಡು ಸೀಗಡಿ ತಿನ್ನೋದು ಯಾವ ಸುಖ? ನಾವು ಹತ್ತಿರದ ಬೋಗ್ಮಾಲೋ ಬೀಚ್‌ಗೆ ಹೋದ್ವಿ, ಅತ್ತೆ-ಮಾವ ಮಂಗೇಶಿ ದೇವಸ್ಥಾನಕ್ಕೆ ಹೋಗಿ ಬಂದ್ರು, ವಾಸ್ಕೋ ಮಾರ್ಕೆಟ್‌ನಲ್ಲಿ ಹಾವೇರಿ ಕಡೆ ಕನ್ನಡ ಕಿವಿಗೆ ಬಿತ್ತು, ಅಷ್ಟೇ. ಗೋವಾನೇ ನೋಡ್ಬೇಕು ಅಂದ್ರೆ ಕೊಂಕಣ ರೈಲು ಇದ್ಯಲ್ಲ.

ಇದು ಹೊರದೇಶಕ್ಕೂ ಅನ್ವಯ. ಬ್ರೋಷರ್‌ನಲ್ಲಿ ರೋಮ್ ಅಂತಿರತ್ತೆ, ಹಡಗು ನಿಲ್ಲೋದು ಚಿವಿಟಾವೆಕಿಯಾದಲ್ಲಿ, ಅಲ್ಲಿಂದ ರೋಮ್ 70-80 ಕಿ.ಮೀ. ಬ್ಯಾಂಕಾಕ್ ಅಂದ್ರೆ ಲಾಮ್ ಚಬಾಂಗ್, ಬಸ್ಸಲ್ಲಿ ಎರಡು ಗಂಟೆ. ಊರು ನೋಡೋ ಹುಚ್ಚು ಇರೋರು ಹಡಗಿನ ಸ್ಲೈಡ್ ಲೆಕ್ಕ ಮಾಡ್ಬೇಡಿ, ಬಂದರಲ್ಲಿ ಎಷ್ಟು ಗಂಟೆ ನಿಲ್ಲತ್ತೆ ಅಂತ ಲೆಕ್ಕ ಮಾಡಿ.

ಅಂದ ಹಾಗೆ, ಪಣಜಿಯ ಮಾಂಡೋವಿ ನದೀಲಿ ಸಂಜೆ ಒಂದು ಗಂಟೆ ಓಡೋ ಬೋಟೂ ಕ್ರೂಸೇ ಅಂತಾರೆ, ಅಲ್ಲೇ ನಿಂತಿರೋ ಕ್ಯಾಸಿನೋ ಹಡಗುಗಳೂ ಬೇರೆ. ಅದನ್ನ ಬುಕ್ ಮಾಡಿ ರೂಮ್ ಎಲ್ಲಿ ಅಂತ ಕೇಳ್ಬೇಡಿ.

ಡಿಜೆ, ಗಲಾಟೆ ಏನೂ ಬೇಡ, ಸುಮ್ನೆ ಕೂತು ನೀರು ನೋಡ್ಬೇಕು. ಅಂಥದ್ದು ಇದ್ಯಾ?

ಇದೆ, ನಂಗೂ ಅದೇ ಆಸೆ. ನದಿ ಕ್ರೂಸ್ ನೋಡಿ. 2023ರ ಜನವರಿ 13ಕ್ಕೆ ವಾರಾಣಸಿಯಿಂದ ಹೊರಟ ಗಂಗಾ ವಿಲಾಸ್‌ನಲ್ಲಿ ಬರೀ 18 ಸ್ವೀಟ್, 36 ಜನ, ದಿಬ್ರುಗಢದವರೆಗೆ 51 ದಿನ, ಸುಮಾರು 3,200 ಕಿ.ಮೀ. ರೇಟ್ ನೋಡಿ ಎದೆ ಹಿಡ್ಕೋಬೇಡಿ, ಗಂಗೆಯಲ್ಲಿ, ಬ್ರಹ್ಮಪುತ್ರದಲ್ಲಿ ಚಿಕ್ಕ ಟ್ರಿಪ್‌ಗಳೂ ಇವೆ. ನದೀಲಿ ಅಲೆ ಇಲ್ಲ, ವಾಂತಿ ಇಲ್ಲ, ದಡದಲ್ಲಿ ಎಮ್ಮೆ ಮೈ ತೊಳೆಯೋದು ಕಾಣತ್ತೆ. ಪಾಸ್‌ಪೋರ್ಟ್ ಇದ್ದು ದುಡ್ಡೂ ಇದ್ರೆ ಅಲಾಸ್ಕಾ, ನಾರ್ವೆ ಕಡೆ ಹೋಗಿ, ಅಲ್ಲಿ ಹಡಗಿನ ಒಳಗೆ ಏನಿದೆ ಅಂತ ಯಾರೂ ಕೇಳಲ್ಲ, ಎಲ್ರೂ ಹೊರಗೇ ನೋಡ್ತಿರ್ತಾರೆ. ಅಲ್ಲಿಗೆ ಮಾತ್ರ ಬಾಲ್ಕನಿ ಬೇಕೇ ಬೇಕು.

ಮುಂಬೈ ಹಡಗಲ್ಲೇ ಶಾಂತಿ ಬೇಕು ಅಂದ್ರೆ ವೀಕೆಂಡ್, ದೀಪಾವಳಿ, ಕ್ರಿಸ್‌ಮಸ್ ಬಿಟ್ಟು ವಾರದ ನಡುವೆ ಹೋಗಿ. ಅದೇ ಹಡಗು, ಬೇರೆ ಜನ.

ಒಬ್ಬಳೇ ಹೋಗ್ಬಹುದಾ?

ಹೋಗ್ಬಹುದು, ಸೇಫ್. ಆದ್ರೆ ಒಬ್ಬರಿದ್ರೂ ಎಷ್ಟೋ ಸಲ ಇಬ್ಬರ ದುಡ್ಡೇ ಕೇಳ್ತಾರೆ. ನಾರ್ವೀಜಿಯನ್ ಕ್ರೂಸ್ ಲೈನ್ ಅನ್ನೋ ಕಂಪನಿ 2010ರಲ್ಲಿ ಎಪಿಕ್ ಹಡಗಲ್ಲಿ ಒಬ್ಬರಿಗೇ ಅಂತ 128 ಸ್ಟುಡಿಯೋ ಕ್ಯಾಬಿನ್ ಮಾಡಿತು, ಈಗ ಬೇರೆಯವ್ರೂ ಕೆಲವು ಹಡಗಲ್ಲಿ ಇಟ್ಟಿದಾರೆ, ಬೇಗ ಖಾಲಿ ಆಗ್ತವೆ.

ಪಾಸ್‌ಪೋರ್ಟ್, ವೀಸಾ?

ಗೋವಾಗೆ ಆಧಾರ್ ಸಾಕು. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಕಂಪನಿಯೋರೇ ಮಾಡಿಸ್ತಾರೆ, ದಾಖಲೆ ಬೇಗ ಕೊಡ್ಬೇಕು ಅಷ್ಟೇ. ಹೊರದೇಶಕ್ಕೆ ಪಾಸ್‌ಪೋರ್ಟ್‌ನಲ್ಲಿ ಆರು ತಿಂಗಳು ಬಾಕಿ ಇರ್ಲಿ. ಎಲ್ರೂ ಎಡವೋದು ಇಲ್ಲಿ: ಸಿಂಗಾಪುರದಿಂದ ಹತ್ತಿ ಸಿಂಗಾಪುರದಲ್ಲೇ ಇಳಿದ್ರೆ ಅದು ಎರಡು ಸಲ ಒಳಗೆ ಹೋದ ಹಾಗೆ, ಮಲ್ಟಿಪಲ್ ಎಂಟ್ರಿ ವೀಸಾ ಬೇಕು. ಯುರೋಪ್ ರೂಟ್ ಮಧ್ಯೆ ಟರ್ಕಿಗೆ ಹೋಗಿ ಬಂದ್ರೆ ಷೆಂಗೆನ್ ವೀಸಾಗೂ (ಯುರೋಪಿನ ಹಲವು ದೇಶಕ್ಕೆ ಸೇರಿ ಒಂದೇ ವೀಸಾ) ಹಾಗೇ. ವ್ಯಾಂಕೂವರ್‌ನಿಂದ ಅಲಾಸ್ಕಾ ಅಂದ್ರೆ ಕೆನಡಾ, ಅಮೆರಿಕ ಎರಡೂ.

ಫೋನ್ ನಡೆಯತ್ತಾ?

ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಸಿಗ್ನಲ್ ಹೋಗತ್ತೆ. ಏರೋಪ್ಲೇನ್ ಮೋಡ್ ಹಾಕಿಬಿಡಿ, ಇಲ್ಲಾಂದ್ರೆ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ತಾನಾಗೇ ಹಿಡ್ಕೊಂಡು ಬಿಲ್ ಬರತ್ತೆ. ಮನೆಯೋರಿಗೆ ಮೊದ್ಲೇ ಹೇಳಿ ಹೋಗಿ.

ಲಗೇಜ್ ಬಗ್ಗೆ ಏನಾದ್ರೂ?

ದೊಡ್ಡ ಸೂಟ್‌ಕೇಸ್‌ನ ಟರ್ಮಿನಲ್‌ನಲ್ಲೇ ತಗೋತಾರೆ, ಅದು ಕ್ಯಾಬಿನ್ ಬಾಗಿಲಿಗೆ ಬರೋದು ಸಂಜೆ, ಕೆಲವು ಸಲ ರಾತ್ರಿ. ಅಲ್ಲೀವರೆಗೆ ಬೇಕಾದ್ದು ಕೈಚೀಲದಲ್ಲಿ ಇರ್ಲಿ, ಒಂದು ಜೊತೆ ಬಟ್ಟೆ, ಕನ್ನಡಕ, ಮುಖ್ಯವಾಗಿ ಮಾತ್ರೆ. ಮಾವನ ಬಿಪಿ ಮಾತ್ರೆ ದೊಡ್ಡ ಪೆಟ್ಟಿಗೇಲಿ ಹೋಗಿತ್ತು, ನಾನೂ ನನ್ನ ನಾದಿನಿ ಗಂಡನೂ ಮೂರು ಡೆಕ್ ಇಳಿದು, ಕಾರಿಡಾರ್ ತುಂಬಾ ಸಾಲಾಗಿ ನಿಂತಿದ್ದ ನೂರಾರು ಕಪ್ಪು ಪೆಟ್ಟಿಗೆಗಳಲ್ಲಿ ನಮ್ಮ ಕಪ್ಪು ಪೆಟ್ಟಿಗೆ ಹುಡುಕಿದ್ವಿ. ಹಿಡಿಗೆ ಒಂದು ಕೆಂಪು ರಿಬ್ಬನ್ ಕಟ್ಟಿ.